ಕಾರಟಗಿಯ ಒಂದು ಅಕ್ಕಿ ಗಿರಣಿಯ ಕಂಪ್ಯೂಟರಿಗೆ ನುಗ್ಗಿದವರು: ಪ್ರಕರಣ ಅಧ್ಯಯನ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯಲ್ಲಿ ಮುಂಗಾರಿನ ನೆಲ್ಲು ಕೊಯ್ಲಾಗಿ ಗಿರಣಿಗಳಿಗೆ ಬರುವುದು ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ. ಆ ದಿನಗಳಲ್ಲಿ ಗಿರಣಿಯ ಆಫೀಸಿನವರಿಗೆ ಊಟದ ಹೊತ್ತೂ ಸಿಗುವುದಿಲ್ಲ. ಕೊಪ್ಪಳ ಜಿಲ್ಲೆಯ ಕಾರಟಗಿ ಹತ್ತಿರದ ಗಿರಣಿಯೊಂದರಲ್ಲಿ ಈ ಘಟನೆ ನಡೆದದ್ದು ಅಂಥದೇ ದಿನಗಳಲ್ಲಿ, 2022ರ ಡಿಸೆಂಬರ್ ಮೊದಲ ವಾರದಲ್ಲಿ. ಮಾಲೀಕರು ಬರೆಯಲು ಒಪ್ಪಿಗೆ ಕೊಟ್ಟಿದ್ದಾರೆ, ಹೆಸರು ಬೇಡವೆಂದಿದ್ದಾರೆ. ಗಂಗಾವತಿಯಲ್ಲಿ ಕಂಪ್ಯೂಟರ್ ದುರಸ್ತಿ ಮತ್ತು ನೆಟ್‌ವರ್ಕ್ ಕೆಲಸ ಮಾಡುವ ನಾನು ಘಟನೆಯ ಮರುದಿನದಿಂದ ಲೆಕ್ಕ ಮತ್ತೆ ಕೂಡುವವರೆಗೆ ಅಲ್ಲಿದ್ದೆ.

ಡಿಸೆಂಬರ್ 5ರ ಸೋಮವಾರ ಬೆಳಿಗ್ಗೆ ಎಂಟೂವರೆಗೆ ಗಿರಣಿಯ ಗುಮಾಸ್ತರು ಫೋನ್ ಮಾಡಿದರು. "ಸರ್, ಫೈಲು ಎಲ್ಲಾ ಬೆಳ್ಳಗಾಗ್ಯಾವ್ರೀ. ಟ್ಯಾಲಿ ಕಂಪನಿನೇ ತೋರಿಸವಲ್ದು" ಎಂದರು. ಟ್ಯಾಲಿ ಎಂದರೆ ಅವರು ಲೆಕ್ಕ ಬರೆಯುವ ತಂತ್ರಾಂಶ. ಫೈಲಿನ ಹೆಸರಿನ ಕೊನೆಗೆ ವಿಂಡೋಸಿಗೆ ಗೊತ್ತಿಲ್ಲದ ಬಾಲ ಸೇರಿಕೊಂಡರೆ ಅದರ ಚಿಹ್ನೆ ಖಾಲಿ ಹಾಳೆಯಂತೆ ಬೆಳ್ಳಗಾಗುತ್ತದೆ. ಒಂದೆರಡು ಫೈಲಿಗೆ ಹೀಗಾದರೆ ಬೇರೆ ಕಾರಣಗಳಿರಬಹುದು, ಎಲ್ಲ ಫೈಲಿಗೂ ಒಂದೇ ರಾತ್ರಿ ಆದರೆ ಕಾರಣ ಒಂದೇ: ಫೈಲುಗಳನ್ನು ಓದಲಾಗದ ಗೂಢಲಿಪಿಗೆ ತಿರುಗಿಸಿ, ಬಿಡಿಸಿಕೊಡಲು ಹಣ ಕೇಳುವ ರ‍್ಯಾನ್ಸಮ್‌ವೇರ್. ಯಾವುದನ್ನೂ ಮುಟ್ಟಬೇಡಿ, ನೆಟ್‌ವರ್ಕ್ ತಂತಿ ಕಿತ್ತುಬಿಡಿ ಎಂದು ಹೇಳಿ ಹೊರಟೆ. ಆದರೆ ನನಗೆ ಫೋನ್ ಮಾಡುವ ಮೊದಲೇ ಅವರು ಕಂಪ್ಯೂಟರನ್ನು ಮೂರು ಸಲ ಆರಿಸಿ ಹಚ್ಚಿದ್ದರು. ಉಳಿದದ್ದನ್ನಾದರೂ ತೆಗೆದಿಡೋಣವೆಂದು ಮನೆಯಿಂದ ತಂದ ಪೆನ್‌ಡ್ರೈವನ್ನೂ ಚುಚ್ಚಿದ್ದರು. ಎರಡು ನಿಮಿಷದೊಳಗೆ ಅದರಲ್ಲಿದ್ದ ಮಗಳ ಶಾಲೆಯ ಫೋಟೋಗಳೂ ಬೆಳ್ಳಗಾದವು. ಗೂಢಲಿಪಿ ಮಾಡುವ ಆ ತಂತ್ರಾಂಶ ತನ್ನನ್ನು ಸ್ಟಾರ್ಟಪ್ ಪಟ್ಟಿಗೆ ಸೇರಿಸಿಕೊಂಡಿದ್ದರಿಂದ, ಕಂಪ್ಯೂಟರ್ ಪ್ರತಿ ಸಲ ಶುರುವಾದಾಗಲೂ ತಾನೂ ಶುರುವಾಗಿ ಹೊಸ ಡಿಸ್ಕಿಗಾಗಿ ಕಾಯುತ್ತಿತ್ತು.

ಆಫೀಸಿನ ವ್ಯವಸ್ಥೆ

ಆಫೀಸಿನಲ್ಲಿ ಮೂರು ಕಂಪ್ಯೂಟರ್‌ಗಳಿದ್ದವು. ಮೊದಲನೆಯದು ಟ್ಯಾಲಿಯ ದತ್ತಾಂಶ ಇದ್ದ ವಿಂಡೋಸ್ 10 ಯಂತ್ರ. ಅದು ಹಗಲೂ ರಾತ್ರಿ ಚಾಲೂ ಇರುತ್ತಿತ್ತು. ಎರಡನೆಯದು ಅದೇ ದತ್ತಾಂಶವನ್ನು ಶೇರ್ ಮಾಡಿಕೊಂಡು ಬಿಲ್ ಹಾಕುವ ಯಂತ್ರ. ಮೂರನೆಯದು ಗೇಟಿನ ಪಕ್ಕದಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಕೋಣೆಯಲ್ಲಿ ಕಾಟಾ ಚೀಟಿ ಮುದ್ರಿಸುವ ಹಳೆಯ ವಿಂಡೋಸ್ 7 ಯಂತ್ರ. ಇವುಗಳ ಜೊತೆಗೆ ಕ್ಯಾಮೆರಾಗಳ ಡಿವಿಆರ್ ಪೆಟ್ಟಿಗೆಯೂ ಒಂದೇ ರೌಟರಿಗೆ ಜೋಡಿಸಿತ್ತು. ರೌಟರಿಗೆ ಸ್ಥಳೀಯ ಕೇಬಲ್‌ನವರ ಫೈಬರ್ ಸಂಪರ್ಕವೂ ಇಂಟರ್ನೆಟ್ಟಿನಲ್ಲಿ ಅದನ್ನು ಗುರುತಿಸುವ, ಬದಲಾಗದ ಒಂದು ಐಪಿ ವಿಳಾಸವೂ ಇದ್ದವು.

ಬದಲಾಗದ ವಿಳಾಸ ತೆಗೆದುಕೊಳ್ಳಲು ಕಾರಣವಿತ್ತು. ಮಾಲೀಕರು ಮಕ್ಕಳ ಓದಿಗಾಗಿ ಬಳ್ಳಾರಿಯಲ್ಲಿ ಮನೆ ಮಾಡಿದ್ದರು. 2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ಗಿರಣಿಗೆ ಬರಲಾಗದೆ ಮನೆಯಿಂದಲೇ ಲೆಕ್ಕ ನೋಡಬೇಕಾಯಿತು. ಆಗ ಯಾರೋ ಒಬ್ಬರು ಬಂದು ಮುಖ್ಯ ಕಂಪ್ಯೂಟರಿನಲ್ಲಿ, ದೂರದಿಂದಲೇ ಅದನ್ನು ತೆರೆದು ಕೆಲಸ ಮಾಡುವ ರಿಮೋಟ್ ಡೆಸ್ಕ್‌ಟಾಪ್ ಚಾಲೂ ಮಾಡಿ, ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಎಂಬ ಒಂದು ಸಾಲು ಬರೆದು ಹೋದರು. ಹೊರಗಿನಿಂದ ಆ ಪೋರ್ಟಿಗೆ, ಎಂದರೆ ಆ ಸಂಖ್ಯೆಯ ಬಾಗಿಲಿಗೆ, ಬಂದವರನ್ನೆಲ್ಲ ನೇರವಾಗಿ ಒಳಗಿನ ಕಂಪ್ಯೂಟರಿನ ಮುಂದೆ ತಂದು ನಿಲ್ಲಿಸು ಎಂಬುದೇ ಆ ಸಾಲಿನ ಅರ್ಥ. ಬಂದವರು ಬಳ್ಳಾರಿಯ ಮಾಲೀಕರೋ ಮತ್ತೊಂದು ಖಂಡದ ಕಳ್ಳನೋ ಎಂದು ರೌಟರ್ ಕೇಳುವುದಿಲ್ಲ. ಹಾಗೆ ಕೇಳೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ರಿಮೋಟ್ ಡೆಸ್ಕ್‌ಟಾಪಿನ ವಾಡಿಕೆಯ ಪೋರ್ಟ್ 3389. ವ್ಯವಸ್ಥೆ ಮಾಡಿದವರು ಹೊರಗಿನ ಸಂಖ್ಯೆಯನ್ನು 3390 ಎಂದು ಬದಲಿಸಿದ್ದರು, ಅದು ಸುರಕ್ಷತೆಗಾಗಿ ಎಂದು ಮಾಲೀಕರಿಗೆ ಹೇಳಿಯೂ ಇದ್ದರು. ಮನೆಯ ಬಾಗಿಲನ್ನು ಬೀದಿಯಿಂದ ಓಣಿಗೆ ತಿರುಗಿಸಿ ಚಿಲಕ ಹಾಕದೆ ಬಿಟ್ಟಂತೆ ಇದು. ಇಂಟರ್ನೆಟ್ಟಿನಲ್ಲಿ ಓಣಿಗಳನ್ನು ತಿರುಗುವವರಿಗೆ ಕಾಲು ನೋಯುವುದಿಲ್ಲ. ಐಪಿ ನಾಲ್ಕನೇ ಆವೃತ್ತಿಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಒಂದೇ ಸಾಧಾರಣ ಕಂಪ್ಯೂಟರ್ ಮತ್ತು ಒಳ್ಳೆಯ ಸಂಪರ್ಕವಿದ್ದರೆ ಒಂದು ಪೋರ್ಟಿಗಾಗಿ ಅವುಗಳನ್ನೆಲ್ಲ ಮುಕ್ಕಾಲು ಗಂಟೆಯೊಳಗೆ ತಟ್ಟಿ ನೋಡಬಹುದೆಂದು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು 2013ರಲ್ಲೇ ತೋರಿಸಿದ್ದಾರೆ. "ಕಾರಟಗಿಯ ನಮ್ಮ ಗಿರಣಿ ಅವರಿಗೆ ಹ್ಯಾಂಗ ಗೊತ್ತಾತ್ರೀ?" ಎಂದು ಮಾಲೀಕರು ನನ್ನನ್ನು ಹಲವು ಸಲ ಕೇಳಿದರು. ಗೊತ್ತಾಗಿರಲಿಲ್ಲ, ಗೊತ್ತಾಗುವ ಅಗತ್ಯವೂ ಇರಲಿಲ್ಲ. ತಟ್ಟಿದಾಗ ಓಗೊಟ್ಟ ಲಕ್ಷಾಂತರ ಬಾಗಿಲುಗಳಲ್ಲಿ ಇವರದೂ ಒಂದು.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಘಟನೆ ನಡೆದ ವರ್ಷವೇ ಜೂನ್‌ನಲ್ಲಿ ಪ್ರಿಂಟರ್ ಕೂಡಿಸಲು ಅಲ್ಲಿಗೆ ಹೋಗಿದ್ದಾಗ, ಮಾಲೀಕರು ಬಳ್ಳಾರಿಯಿಂದ ಒಳಗೆ ಬಂದಾಗ ಆಫೀಸಿನ ಪರದೆಗೆ ಬೀಗ ಬೀಳುವುದನ್ನು ಕಣ್ಣಾರೆ ನೋಡಿದ್ದೆ. ಯಾವ ದಾರಿಯಿಂದ ಬರುತ್ತಿದ್ದಾರೆ ಎಂದು ಒಂದು ಮಾತು ಕೇಳಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ.

ಹೆಜ್ಜೆಗುರುತು

ನಾನು ತಲುಪಿದ ಮೇಲೆ ಮುಖ್ಯ ಯಂತ್ರವನ್ನು ಮತ್ತೆ ಹಚ್ಚಲಿಲ್ಲ. ಅದರ ಡಿಸ್ಕನ್ನು ಬಿಚ್ಚಿ ಅಕ್ಷರಶಃ ಪ್ರತಿ ಮಾಡಿಕೊಂಡು, ಮುಂದಿನ ತನಿಖೆಯನ್ನೆಲ್ಲ ಆ ಪ್ರತಿಯ ಮೇಲೆ ನಡೆಸಿದೆ.

ವಿಂಡೋಸಿನ ಸೆಕ್ಯುರಿಟಿ ಲಾಗ್ ಎಂಬ ದಿನಚರಿಯಲ್ಲಿ ಸಫಲವಾದ ಪ್ರತಿ ಲಾಗಿನ್ 4624 ಎಂಬ ಸಂಖ್ಯೆಯಿಂದಲೂ ವಿಫಲವಾದದ್ದು 4625 ಎಂಬ ಸಂಖ್ಯೆಯಿಂದಲೂ ದಾಖಲಾಗುತ್ತವೆ. ಲಾಗ್ ತೆರೆದಾಗ ಪುಟದ ಮೇಲೆ ಪುಟ ಬರೀ 4625. ನಿಮಿಷಕ್ಕೆ ಹತ್ತು ಹದಿನೈದು ಸಲದಂತೆ ಯಾರೋ ಅಡ್ಮಿನಿಸ್ಟ್ರೇಟರ್, ಅಡ್ಮಿನ್, ಯೂಸರ್, ಟೆಸ್ಟ್, ಸ್ಕ್ಯಾನ್, ಅಕೌಂಟ್ಸ್, ಟ್ಯಾಲಿ ಎಂದು ಒಂದೊಂದೇ ಹೆಸರಿಗೆ ಪಾಸ್‌ವರ್ಡ್ ಊಹಿಸುತ್ತ ಹೋಗಿದ್ದರು. ಈ ಪಟ್ಟಿಯಲ್ಲಿ ಟ್ಯಾಲಿ ಎಂಬ ಹೆಸರನ್ನು ನೋಡಿ ಮಾಲೀಕರಿಗೆ ಇದು ಗೊತ್ತಿದ್ದವರ ಕೆಲಸವೇ ಎಂಬ ಅನುಮಾನ ಬಂತು. ಆದರೆ ಭಾರತದ ವಿಳಾಸಗಳನ್ನು ತಟ್ಟುವವರ ಪಟ್ಟಿಯಲ್ಲಿ ಆ ಹೆಸರು ಇರುವುದು ಸಹಜವೇ. ಗಿರಣಿಯ ಖಾತೆಯ ಹೆಸರು ಟ್ಯಾಲಿ, ಪಾಸ್‌ವರ್ಡ್ ಅದರ ಮುಂದೆ 123. ಅದು ಅಡ್ಮಿನಿಸ್ಟ್ರೇಟರ್ ಅಧಿಕಾರವಿದ್ದ ಖಾತೆಯೂ ಹೌದು. ಎಷ್ಟು ಸಲ ತಪ್ಪಿದರೆ ಬಾಗಿಲು ಮುಚ್ಚಬೇಕೆಂಬ ನಿಯಮ ಆ ಯಂತ್ರದಲ್ಲಿ ಇರಲಿಲ್ಲ. ಮೈಕ್ರೋಸಾಫ್ಟ್ ಹತ್ತು ತಪ್ಪಿಗೆ ಹತ್ತು ನಿಮಿಷದ ಬೀಗವನ್ನು ವಿಂಡೋಸ್‌ನಲ್ಲಿ ತಾನಾಗಿಯೇ ಇರುವಂತೆ ಮಾಡಿದ್ದು 2022ರಲ್ಲಿ, ಅದೂ ಹೊಸದಾಗಿ ಕೂಡಿಸಿದ ಯಂತ್ರಗಳಿಗೆ. ಹಳೆಯ ಯಂತ್ರದಲ್ಲಿ ಅದನ್ನು ಯಾರಾದರೂ ಕೂತು ಹಾಕಬೇಕಿತ್ತು.

ಸೆಕ್ಯುರಿಟಿ ಲಾಗ್‌ನ ಗಾತ್ರ ವಾಡಿಕೆಯಂತೆ 20 ಎಂಬಿ. ತುಂಬಿದ ಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಬರೆದುಕೊಳ್ಳುತ್ತದೆ. ಊಹಿಸುವವರ ದಟ್ಟಣೆಯಿಂದಾಗಿ ಅದರಲ್ಲಿ ಉಳಿದದ್ದು ಒಂದು ದಿನಕ್ಕೆ ಸ್ವಲ್ಪ ಹೆಚ್ಚಿನ ದಾಖಲೆ ಮಾತ್ರ, ಭಾನುವಾರ ನಸುಕಿನ ಹಿಂದಿನದು ಏನೂ ಇರಲಿಲ್ಲ. ಕಳ್ಳನ ಹೆಜ್ಜೆಗುರುತನ್ನು ಅಳಿಸಿದ್ದು ಕಳ್ಳನಲ್ಲ, ಹಗಲಿರುಳು ಬಾಗಿಲು ಬಡಿಯುತ್ತಿದ್ದ ಉಳಿದವರು.

ಆದರೆ ರಿಮೋಟ್ ಡೆಸ್ಕ್‌ಟಾಪಿಗೆ ಬೇರೆಯದೇ ಒಂದು ಲಾಗ್ ಇರುತ್ತದೆ. ಟರ್ಮಿನಲ್ ಸರ್ವೀಸಸ್ ಲೋಕಲ್ ಸೆಷನ್ ಮ್ಯಾನೇಜರ್ ಎಂಬ ಉದ್ದ ಹೆಸರಿನ ಆ ಕಡತದಲ್ಲಿ ಒಳಗೆ ಬಂದು ಕೂತವರ ಲೆಕ್ಕ ಮಾತ್ರ ಇರುತ್ತದೆ, ಬಾಗಿಲಲ್ಲೇ ಸೋತವರದು ಇರುವುದಿಲ್ಲ. ಹೀಗಾಗಿ ಅದು ಬೇಗ ತುಂಬುವುದಿಲ್ಲ. ಅದರಲ್ಲಿ 21ನೇ ಸಂಖ್ಯೆಯ ದಾಖಲೆ ಎಂದರೆ ಹೊಸ ಲಾಗಿನ್, ಪಕ್ಕದಲ್ಲೇ ಬಂದವರ ಐಪಿ ವಿಳಾಸ. ತಿಂಗಳುಗಟ್ಟಲೆ ಮಾಲೀಕರ ಬಳ್ಳಾರಿಯ ವಿಳಾಸಗಳೇ ಇದ್ದ ಆ ಪಟ್ಟಿಯಲ್ಲಿ ಎರಡು ಸಾಲು ಬೇರೆಯಾಗಿದ್ದವು. ಒಂದು, ಡಿಸೆಂಬರ್ 1ರ ಗುರುವಾರ ನಸುಕಿನ ಎರಡು ಗಂಟೆ ಹತ್ತು ನಿಮಿಷದ್ದು. ಬಂದವರು ನಾಲ್ಕೇ ನಿಮಿಷ ಇದ್ದು ಹೋಗಿದ್ದರು. ಇನ್ನೊಂದು ಡಿಸೆಂಬರ್ 4ರ ಭಾನುವಾರ ರಾತ್ರಿ ಹನ್ನೊಂದು ನಲವತ್ತರದ್ದು, ಬೇರೆ ದೇಶದ ವಿಳಾಸದಿಂದ. ಪಾಸ್‌ವರ್ಡ್ ಊಹಿಸಿದವನು ಒಬ್ಬ, ಅದನ್ನು ಕೊಂಡು ಬಳಸಿದವನು ಮತ್ತೊಬ್ಬ ಎಂಬುದು ನನ್ನ ಅಂದಾಜು. ಇಂಥ ಬಾಗಿಲುಗಳ ಖರೀದಿ ಮಾರಾಟ ನಮ್ಮ ಗಂಜ್ ಮಾರುಕಟ್ಟೆಯ ವ್ಯಾಪಾರದಷ್ಟೇ ಕ್ರಮಬದ್ಧವಾಗಿ ನಡೆಯುತ್ತದೆ. ಅದು ನಿಜವಾದರೆ ಗುರುವಾರದಿಂದ ಭಾನುವಾರದವರೆಗೆ ನಾಲ್ಕು ಹಗಲು ಎಚ್ಚರಗೊಳ್ಳಲು ಅವಕಾಶವಿತ್ತು. ಲಾಗ್ ನೋಡುವವರು ಯಾರೂ ಇರಲಿಲ್ಲ.

ಭಾನುವಾರ ರಾತ್ರಿಯದು ಸೆಕ್ಯುರಿಟಿ ಲಾಗ್‌ನಲ್ಲೂ ಉಳಿದಿತ್ತು. ಒಳಗೆ ಬಂದ ಹತ್ತು ನಿಮಿಷಕ್ಕೆ ಹೊಸ ಖಾತೆಯೊಂದು ಹುಟ್ಟಿದ್ದನ್ನು 4720 ಎಂಬ ದಾಖಲೆ ಹೇಳುತ್ತಿತ್ತು. ಅದರ ಬೆನ್ನಿಗೇ ಡಿಫೆಂಡರ್‌ನ ಲಾಗ್‌ನಲ್ಲಿ 5001, ಎಂದರೆ ವೈರಸ್ ಕಾವಲನ್ನು ಆರಿಸಲಾಗಿದೆ. ಬಂದವರ ಕೈಯಲ್ಲಿ ಅಡ್ಮಿನಿಸ್ಟ್ರೇಟರ್ ಅಧಿಕಾರ ಇದ್ದಮೇಲೆ ಕಾವಲುಗಾರನನ್ನು ಮನೆಗೆ ಕಳಿಸುವುದು ಕಷ್ಟವಲ್ಲ. ನಂತರ ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಿಂದಿನ ಪ್ರತಿಗಳನ್ನು, ಶ್ಯಾಡೋ ಕಾಪಿಗಳನ್ನು, ಒಂದೇ ಆಜ್ಞೆಯಿಂದ ಅಳಿಸಿದ್ದಾರೆ. ನಡುರಾತ್ರಿ ಕಳೆದು ಒಂದು ಗಂಟೆ ಐದು ನಿಮಿಷಕ್ಕೆ ಮೊದಲ ಫೈಲು ಗೂಢಲಿಪಿಯಾಗಿದೆ, ಗಂಟೆ ಎರಡಾಗುವುದರೊಳಗೆ ಕೊನೆಯದು. ಯುಎಸ್‌ಬಿ ಮೂಲಕ ಸದಾ ಚುಚ್ಚಿಯೇ ಇರುತ್ತಿದ್ದ ಬ್ಯಾಕಪ್ ಡಿಸ್ಕೂ ಆ ಪಟ್ಟಿಯಲ್ಲಿತ್ತು. ಪ್ರತಿದಿನ ಸಂಜೆ ಆರಕ್ಕೆ ತಪ್ಪದೆ ಬ್ಯಾಕಪ್ ಆಗುತ್ತಿದ್ದ ಡಿಸ್ಕ್ ಅದು.

ಉಳಿದುಕೊಂಡದ್ದು ಒಂದೇ ಯಂತ್ರ, ಮೂರರಲ್ಲಿ ಎಲ್ಲಕ್ಕಿಂತ ದುರ್ಬಲವಾದ ವೇಬ್ರಿಡ್ಜಿನ ಕಂಪ್ಯೂಟರ್. ಅದರ ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಸುರಕ್ಷತಾ ತಿದ್ದುಪಡಿ ಕೊಡುವುದನ್ನು 2020ರ ಜನವರಿ 14ಕ್ಕೇ ನಿಲ್ಲಿಸಿತ್ತು. ಆದರೆ ಗೇಟಿನ ಕಾವಲುಗಾರರಿಗೆ ರಾತ್ರಿ ಹತ್ತಕ್ಕೆ ಕೊನೆಯ ಲಾರಿ ಹೋದೊಡನೆ ಆ ಕೋಣೆಯ ಮೇನ್ ಸ್ವಿಚ್ ಆರಿಸುವ ರೂಢಿ ಇತ್ತು. ಹಿಂದೊಮ್ಮೆ ಸಿಡಿಲಿಗೆ ತೂಕ ತೋರಿಸುವ ಇಂಡಿಕೇಟರ್ ಸುಟ್ಟಾಗ ಬೈಸಿಕೊಂಡಿದ್ದರಂತೆ. ಆ ಒಂದು ಬೈಗುಳ ನಮ್ಮ ಲೆಕ್ಕವನ್ನು ಉಳಿಸಿತು.

ದೂರು, ಮತ್ತು ಹಣದ ಪ್ರಶ್ನೆ

ಪ್ರತಿ ಫೋಲ್ಡರಿನಲ್ಲೂ ಎರಡು ಇಮೇಲ್ ವಿಳಾಸಗಳಿದ್ದ ಪತ್ರವೊಂದಿತ್ತು. ಮೊತ್ತ ಎಷ್ಟೆಂದು ಅದರಲ್ಲಿ ಬರೆದಿರಲಿಲ್ಲ, ಕೇಳಿದವರ ತಾಕತ್ತು ನೋಡಿ ಹೇಳುತ್ತಾರೆ. ಮಾಲೀಕರು ಮೊದಲ ದಿನ ಕೊಟ್ಟುಬಿಡುವ ಮನಸ್ಸಿನಲ್ಲೇ ಇದ್ದರು. ಗೂಢಲಿಪಿ ಬಿಡಿಸುವ ಬೀಗದ ಕೈ ಸಿಕ್ಕೇ ಸಿಗುತ್ತದೆಂಬ ಖಾತರಿ ಇಲ್ಲ, ಸಿಕ್ಕರೂ ದೊಡ್ಡ ಫೈಲುಗಳು ಕೆಟ್ಟು ಹೊರಬರುವುದುಂಟು, ಕೊಟ್ಟವರ ಹೆಸರು ಮತ್ತೆ ಪಟ್ಟಿಗೆ ಸೇರುವುದುಂಟು ಎಂದು ಹೇಳಿದೆ. ಅವರು ಒಪ್ಪಿದ್ದು ನನ್ನ ಮಾತಿಗಿಂತ ಹೆಚ್ಚಾಗಿ, ಲೆಕ್ಕವನ್ನು ಮತ್ತೆ ಕಟ್ಟಬಹುದೆಂದು ಗುಮಾಸ್ತರು ಧೈರ್ಯ ಕೊಟ್ಟ ಮೇಲೆ.

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಕಲಮುಗಳಡಿ ಇದು ಅಪರಾಧ. ಸೈಬರ್ ಅಪರಾಧಗಳನ್ನು ನೋಡುವ ಜಿಲ್ಲಾ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟೆವು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದಾಖಲಿಸಿದೆವು. ಇದರ ಜೊತೆಗೆ ಹೆಚ್ಚಿನ ವ್ಯಾಪಾರಸ್ಥರಿಗೆ ತಿಳಿಯದ ಇನ್ನೊಂದು ಹೊಣೆ ಇದೆ. ಸೈಬರ್ ದಾಳಿಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೂ ಅದು 2022ರ ಸೆಪ್ಟೆಂಬರ್ 25ರಿಂದ ಅನ್ವಯ. 20 ಎಂಬಿಯ ಲಾಗ್ ಇಟ್ಟುಕೊಂಡು 180 ದಿನದ ಮಾತು ಆಡುವಂತಿರಲಿಲ್ಲ. ವರದಿಯನ್ನಂತೂ ಮಧ್ಯಾಹ್ನ ಎರಡರೊಳಗೆ ಇಮೇಲ್ ಮಾಡಿದೆ.

ಲೆಕ್ಕ ಮತ್ತೆ ಕಟ್ಟಿದ್ದು

ನವೆಂಬರ್ ತಿಂಗಳ ಜಿಎಸ್‌ಟಿಆರ್-1, ಎಂದರೆ ಮಾರಾಟದ ತೆರಿಗೆ ರಿಟರ್ನ್, ಸಲ್ಲಿಸಲು ಡಿಸೆಂಬರ್ 11 ಕೊನೆಯ ದಿನ, ಉಳಿದದ್ದು ಆರು ದಿನ. ಆಡಿಟರ್ ಕಚೇರಿಯವರು ಸೆಪ್ಟೆಂಬರ್ ಕೊನೆಯಲ್ಲಿ ತಮ್ಮ ಕೆಲಸಕ್ಕೆಂದು ಒಯ್ದಿದ್ದ ಟ್ಯಾಲಿ ಬ್ಯಾಕಪ್ ಅವರ ಲ್ಯಾಪ್‌ಟಾಪಿನಲ್ಲಿತ್ತು. ಅಲ್ಲಿಗೆ ಕಳೆದುಹೋದದ್ದು ಅಕ್ಟೋಬರ್, ನವೆಂಬರ್ ಮತ್ತು ಡಿಸೆಂಬರಿನ ಮೂರು ದಿನಗಳು ಎಂದಾಯಿತು.

ಮಾರಾಟದ ಒಂದು ಭಾಗ ಸರ್ಕಾರದ ಪೋರ್ಟಲ್‌ನಲ್ಲೇ ಸುರಕ್ಷಿತವಾಗಿತ್ತು. ವಾರ್ಷಿಕ 10 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟು ಇರುವವರಿಗೆ 2022ರ ಅಕ್ಟೋಬರ್ 1ರಿಂದ ಇ-ಇನ್‌ವಾಯ್ಸ್, ಎಂದರೆ ಬಿಲ್ಲನ್ನು ಆ ಪೋರ್ಟಲ್‌ನಲ್ಲಿ ನೋಂದಾಯಿಸುವುದು, ಕಡ್ಡಾಯವಾದದ್ದನ್ನು ಗುಮಾಸ್ತರು ಎರಡು ತಿಂಗಳಿನಿಂದ ಶಪಿಸುತ್ತಿದ್ದರು. ಈಗ ಅದರಿಂದಾಗಿಯೇ ತೆರಿಗೆ ಬೀಳುವ ಪ್ರತಿ ಬಿಲ್ಲೂ ಮರಳಿ ಸಿಕ್ಕಿತು. ಆದರೆ ಈ ಸೀಮೆಯ ಗಿರಣಿಗಳ ವ್ಯಾಪಾರದಲ್ಲಿ ತೆರಿಗೆ ಬೀಳುವುದು ಸ್ವಲ್ಪವೇ. 2022ರ ಜುಲೈ 18ರಿಂದ 25 ಕೆಜಿ ಮತ್ತು ಅದಕ್ಕಿಂತ ಕಡಿಮೆ ತೂಕದ, ಲೇಬಲ್ ಹಚ್ಚಿದ ಅಕ್ಕಿ ಪೊಟ್ಟಣಕ್ಕೆ ಶೇ. 5 ಜಿಎಸ್‌ಟಿ ಬಂದಮೇಲೆ ಮಾರುಕಟ್ಟೆಯಲ್ಲಿ 26 ಕೆಜಿಯ ಚೀಲ ಹುಟ್ಟಿಕೊಂಡಿತು. ಅದಕ್ಕೆ ತೆರಿಗೆಯಿಲ್ಲ, ತೆರಿಗೆಯಿಲ್ಲದ್ದಕ್ಕೆ ಇ-ಇನ್‌ವಾಯ್ಸೂ ಇಲ್ಲ, ಸರಕು ಸಾಗಣೆಯ ಇ-ವೇ ಬಿಲ್ಲೂ ಬೇಕಿಲ್ಲ. ಜಿಎಸ್‌ಟಿಆರ್-1ರಲ್ಲಿ ಅಂಥ ಮಾರಾಟದ ಒಟ್ಟು ಮೊತ್ತವನ್ನಷ್ಟೇ ತೋರಿಸುತ್ತಾರೆ. ತೆರಿಗೆ ಉಳಿಸಿದ ಆ ಒಂದು ಕೆಜಿಯಿಂದಾಗಿ ಮುಕ್ಕಾಲು ಪಾಲು ಮಾರಾಟದ ದಾಖಲೆ ಗಿರಣಿಯ ಆಚೆ ಎಲ್ಲೂ ಇರಲಿಲ್ಲ.

ಇಲ್ಲಿ ವೇಬ್ರಿಡ್ಜಿನ ಕಂಪ್ಯೂಟರ್ ಕೆಲಸಕ್ಕೆ ಬಂತು. ಹೊರಗೆ ಹೋದ ಪ್ರತಿ ಲಾರಿಯ ಸಂಖ್ಯೆ, ಹೊತ್ತು, ಖಾಲಿ ತೂಕ, ತುಂಬಿದ ತೂಕ ಅದರಲ್ಲಿದ್ದವು. ನಿವ್ವಳ 10,430 ಕೆಜಿ ಎಂದಿದ್ದರೆ ಗುಮಾಸ್ತರು ಲೆಕ್ಕದ ಯಂತ್ರ ಮುಟ್ಟದೆ ಹೇಳುತ್ತಿದ್ದರು: 26ರ ಚೀಲ 400, ಉಳಿದ ಮೂವತ್ತು ಕೆಜಿ ಖಾಲಿ ಚೀಲಗಳದ್ದು. ದರ ಬೇಕಾದಾಗ ದಲ್ಲಾಳಿಗಳು ವಾಟ್ಸ್ಯಾಪ್‌ನಲ್ಲಿ ಕಳಿಸಿದ್ದ ಸೌದಾ ಸಂದೇಶಗಳನ್ನು ನೋಡಿದೆವು, ಹಣ ಬಂದದ್ದನ್ನು ಬ್ಯಾಂಕ್ ಸ್ಟೇಟ್‌ಮೆಂಟಿನಿಂದ ಹೊಂದಿಸಿದೆವು. ನೆಲ್ಲಿನ ಖರೀದಿಗೆ ಅಡತಿ ಅಂಗಡಿಗಳ ಪಟ್ಟಿಗಳಿದ್ದವು, ಅವನ್ನು ಗುಮಾಸ್ತರು ಹಳೆಯ ಪದ್ಧತಿಯಂತೆ ತಂತಿಗೆ ಚುಚ್ಚಿ ಗೋಡೆಗೆ ನೇತುಹಾಕಿದ್ದರು. ಮೂವರು ಹುಡುಗರನ್ನು ಕೂಡಿಸಿಕೊಂಡು ರಾತ್ರಿ ಒಂದರವರೆಗೆ ನಮೂದಿಸಿ, 11ನೇ ತಾರೀಖು ಸಂಜೆ ರಿಟರ್ನ್ ಸಲ್ಲಿಸಿದೆವು. ಎರಡು ತಿಂಗಳ ಪೂರ್ತಿ ಲೆಕ್ಕ ಕೂಡಲು ಜನವರಿ ಮುಗಿಯಿತು.

ಬಾಗಿಲು ಮುಚ್ಚಿದ್ದು

ರಕ್ಷಣೆಯ ಕೆಲಸದ ಮುಖ್ಯಭಾಗ ಅರ್ಧ ಗಂಟೆಯದು. ರೌಟರಿನ ಪುಟ ತೆರೆದು ಆ ಒಂದು ಸಾಲನ್ನು ಅಳಿಸಿದೆ. ಅಲ್ಲೇ ಡಿವಿಆರ್‌ಗೆ ತೆರೆದಿದ್ದ ಇನ್ನೆರಡು ಸಾಲುಗಳೂ ಸಿಕ್ಕವು. ಡಿವಿಆರಿನ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದಾಗ ಇದ್ದದ್ದೇ. 2016ರಲ್ಲಿ ಮಿರಾಯ್ ಎಂಬ ಹಾವಳಿ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು ವಶಪಡಿಸಿಕೊಂಡದ್ದು ಇಂಥ ಕಾರ್ಖಾನೆ ಪಾಸ್‌ವರ್ಡ್‌ಗಳ ಒಂದು ಚಿಕ್ಕ ಪಟ್ಟಿಯಿಂದ. ಒಳಗಿನ ಯಂತ್ರಗಳು ತಮಗೆ ತಾವೇ ಹೊರಗಿನ ಪೋರ್ಟ್ ತೆರೆಸಿಕೊಳ್ಳುವ ಯುಪಿಎನ್‌ಪಿ ಸೌಲಭ್ಯವನ್ನು ಆರಿಸಿದೆ. ರೌಟರಿಗೆ ಹೊಸ ಪಾಸ್‌ವರ್ಡ್ ಕೊಟ್ಟೆ.

ಮಾಲೀಕರು ಬಳ್ಳಾರಿಯಿಂದ ಲೆಕ್ಕ ನೋಡುವ ಅಗತ್ಯ ಮಾತ್ರ ಹಾಗೆಯೇ ಉಳಿಯಿತು. ನೋಡಬೇಡಿ ಎನ್ನುವುದು ಸಲಹೆಯಲ್ಲ, ಹಾಗೆ ಹೇಳಿದರೆ ವಾರದೊಳಗೆ ಯಾರಾದರೂ ಬಂದು ಅದೇ ಸಾಲನ್ನು ಮತ್ತೆ ಬರೆಯುತ್ತಾರೆ. ವೈರ್‌ಗಾರ್ಡ್ ಎಂಬ ವಿಪಿಎನ್, ಎಂದರೆ ಇಂಟರ್ನೆಟ್ಟಿನೊಳಗೇ ಗುಪ್ತವಾದ ಖಾಸಗಿ ದಾರಿ, ನಡೆಸಬಲ್ಲ ಒಂದು ಸಣ್ಣ ರೌಟರ್ ತರಿಸಿ ಕೂಡಿಸಿದೆ. ಪಾಸ್‌ವರ್ಡಿನ ಬದಲು ಇದರಲ್ಲಿ ಎರಡೂ ಬದಿಯಲ್ಲಿ ಉದ್ದವಾದ ಕೀಲಿಗಳಿರುತ್ತವೆ. ಕೀಲಿ ಇಲ್ಲದವರು ತಟ್ಟಿದರೆ ಅದು ತಪ್ಪು ಎಂದೂ ಹೇಳುವುದಿಲ್ಲ, ಸುಮ್ಮನಿರುತ್ತದೆ, ತಟ್ಟಿದವರಿಗೆ ಅಲ್ಲಿ ಬಾಗಿಲಿದೆ ಎಂಬುದೇ ತಿಳಿಯುವುದಿಲ್ಲ. ಮಾಲೀಕರು ತಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಗುಂಡಿ ಒತ್ತಿ ವಿಪಿಎನ್‌ಗೆ ಬಂದು, ಆಮೇಲೆ ಮೊದಲಿನಂತೆಯೇ ರಿಮೋಟ್ ಡೆಸ್ಕ್‌ಟಾಪ್ ತೆರೆಯುತ್ತಾರೆ. ಮುಖ್ಯ ಯಂತ್ರದ ಫೈರ್‌ವಾಲ್‌ನಲ್ಲೂ ರಿಮೋಟ್ ಡೆಸ್ಕ್‌ಟಾಪ್ ನಿಯಮವನ್ನು ಆ ವಿಪಿಎನ್ ವಿಳಾಸಗಳಿಗೆ ಮಾತ್ರ ಸೀಮಿತಗೊಳಿಸಿದೆ. ದಿನದ ಕೆಲಸದ ಖಾತೆಗಳಿಂದ ಅಡ್ಮಿನಿಸ್ಟ್ರೇಟರ್ ಅಧಿಕಾರ ತೆಗೆದು, ಹತ್ತು ತಪ್ಪಿಗೆ ಬೀಗ ಬೀಳುವಂತೆ ಮಾಡಿ, ಲಾಗ್‌ನ ಗಾತ್ರವನ್ನು 1 ಜಿಬಿಗೆ ಏರಿಸಿದೆ.

ವೇಬ್ರಿಡ್ಜಿನ ವಿಂಡೋಸ್ 7 ಯಂತ್ರವನ್ನು ಬದಲಿಸಲಾಗಲಿಲ್ಲ, ಇಂಡಿಕೇಟರಿನ ತಂತ್ರಾಂಶ ಹೊಸ ವಿಂಡೋಸಿನಲ್ಲಿ ಓಡಲಿಲ್ಲ. ಅದರ ನೆಟ್‌ವರ್ಕ್ ತಂತಿಯನ್ನೇ ಕಿತ್ತುಬಿಟ್ಟೆವು. ದಿನದ ತೂಕಪಟ್ಟಿಯನ್ನು ಹುಡುಗನೊಬ್ಬ ಸಂಜೆ ಆಫೀಸಿಗೆ ಕಾಗದದಲ್ಲೇ ತರುತ್ತಾನೆ.

ಬ್ಯಾಕಪ್‌ಗೆ ಎರಡು ಡಿಸ್ಕ್. ಒಂದು ಆಫೀಸಿನ ತಿಜೋರಿಯಲ್ಲಿ, ಇನ್ನೊಂದು ಗುಮಾಸ್ತರ ಮನೆಯಲ್ಲಿ. ದಿನ ಬಿಟ್ಟು ದಿನ ಅದಲುಬದಲು. ಪ್ರತಿ ಆದ ಕೂಡಲೇ ಡಿಸ್ಕ್ ಬಿಚ್ಚಬೇಕು. ತಿಂಗಳ ಒಂದನೇ ತಾರೀಖು ಅದರಿಂದ ಬೇರೊಂದು ಲ್ಯಾಪ್‌ಟಾಪಿಗೆ ದತ್ತಾಂಶ ಮರಳಿ ಹಾಕಿ, ಹಿಂದಿನ ದಿನದ ರೋಕಡ್ ಶಿಲ್ಕು, ಎಂದರೆ ಉಳಿದ ನಗದು, ಸರಿ ಬರುತ್ತದೆಯೇ ಎಂದು ನೋಡಬೇಕು. ಎರಡನೇ ತಿಂಗಳಲ್ಲೇ ಒಂದು ಡಿಸ್ಕ್ ಓದದೆ ಹೋಯಿತು, ಬದಲಿಸಿದೆವು.

ಬಂದವರು ಹೋಗುವಾಗ ಏನನ್ನಾದರೂ ನಕಲು ಮಾಡಿಕೊಂಡು ಒಯ್ದರೇ ಎಂಬುದಕ್ಕೆ ಲಾಗ್‌ನಲ್ಲಿ ಉತ್ತರವಿರಲಿಲ್ಲ. ಪಾರ್ಟಿಗಳ ಬ್ಯಾಂಕ್ ಖಾತೆ ಮತ್ತು ಪ್ಯಾನ್ ಸಂಖ್ಯೆಗಳು ಆ ಯಂತ್ರದಲ್ಲಿದ್ದುದರಿಂದ, ಒಯ್ದಿದ್ದಾರೆಂದೇ ತಿಳಿದು ನಡೆಯಬೇಕೆಂದು ಮಾಲೀಕರಿಗೆ ಹೇಳಿದೆ. ನಮ್ಮ ಖಾತೆ ಬದಲಾಗಿದೆ ಎಂದು ಗಿರಣಿಯ ಹೆಸರಿನಲ್ಲಿ ಸಂದೇಶ ಬಂದರೆ ನಂಬದೆ ಫೋನ್ ಮಾಡಿ ಕೇಳಿ ಎಂದು ಅವರು ಎಲ್ಲ ಪಾರ್ಟಿಗಳಿಗೂ ತಾವೇ ಮಾತನಾಡಿ ತಿಳಿಸಿದರು. ಆ ಫೋನುಗಳನ್ನು ಮಾಡುವುದು ಅವರಿಗೆ ಲೆಕ್ಕ ಕಟ್ಟುವುದಕ್ಕಿಂತ ಕಠಿಣವಾಗಿತ್ತು.

ಗೂಢಲಿಪಿಯಾದ ಹಳೆಯ ಡಿಸ್ಕನ್ನು ಅಳಿಸದೆ ತಾರೀಖು ಬರೆದು ತಿಜೋರಿಯಲ್ಲಿಟ್ಟಿದ್ದೇವೆ. ಇಂಥ ಗುಂಪುಗಳು ಸಿಕ್ಕಿಬಿದ್ದಾಗ ಬೀಗದ ಕೈಗಳು ಹೊರಬರುವುದುಂಟು, 2016ರಲ್ಲಿ ಯುರೋಪೋಲ್ ಮತ್ತು ನೆದರ್‌ಲ್ಯಾಂಡ್ಸ್ ಪೊಲೀಸರು ಜೊತೆಗೂಡಿ ಶುರುಮಾಡಿದ ನೋ ಮೋರ್ ರ‍್ಯಾನ್ಸಮ್ ತಾಣದಲ್ಲಿ ಅವನ್ನು ಉಚಿತವಾಗಿ ಕೊಡುತ್ತಾರೆ. ನಮ್ಮ ಫೈಲುಗಳ ಬಾಲಕ್ಕೆ ಹೊಂದುವ ಕೈ ಬಂದಿದೆಯೇ ಎಂದು ಆಗಾಗ ನೋಡುತ್ತೇನೆ. ಮಾರ್ಚ್ 31ರ ಅಢಾವೆ ಪತ್ರಿಕೆಯಲ್ಲಿ, ಯಾವುದರದೆಂದು ತಿಳಿಯದ ಮೊತ್ತ ಇಡುವ ಸಸ್ಪೆನ್ಸ್ ಖಾತೆಗೆ 18,640 ರೂಪಾಯಿ ಉಳಿಯಿತು. ಅದು ನವೆಂಬರ್ ಮೂರನೇ ವಾರದ ಯಾವುದೋ ಲಾರಿಯ ಬಾಡಿಗೆಯದೇ ಎಂದು ಗುಮಾಸ್ತರು ಹೇಳುತ್ತಾರೆ, ಯಾವ ಲಾರಿಯೆಂದು ಇನ್ನೂ ಹುಡುಕುತ್ತಿದ್ದಾರೆ.